ಕೂಸು ಒಂದಕ್ಕೆ ಹೋಯಿತೇ? — ನಂಜೇರಿದ ಮಕ್ಕಳು ಮತ್ತು ಅವರ ಮೂತ್ರಪಿಂಡ

ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರು ತಾಲೂಕುಗಳ ಹೆಸರು ನಮ್ಮ ಸಂಘದ ಪತ್ರಿಕೆಯಲ್ಲಿ ಬರುವುದು ಅಪರೂಪ. ಅದು ಕಾಫಿ, ಅಡಿಕೆಯ ಸೀಮೆಯಲ್ಲ. ಎರೆಭೂಮಿ, ತೊಗರಿ, ಜೋಳ, ಭೀಮೆಯ ನೀರು ಹರಿದಲ್ಲಿ ಕಬ್ಬು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು. ಆದರೂ ಈ ಸಲ ಆ ಕಡೆಯ ಮಾತನ್ನು ಎತ್ತಿಕೊಂಡಿರುವುದಕ್ಕೆ ಎರಡು ಕಾರಣಗಳುಂಟು. ಉತ್ತರದ ಬಯಲು ಜಿಲ್ಲೆಗಳಿಂದ ದುಡಿಮೆಗೆಂದು ಬರುವ ಕುಟುಂಬಗಳು ಹಣ್ಣು ಕುಯ್ಲಿನ ಕಾಲದಲ್ಲಿ ನಮ್ಮ ಲೈನು ಮನೆಗಳಲ್ಲಿ ಮಕ್ಕಳು ಮರಿಗಳೊಂದಿಗೆ ಬಿಡಾರ ಹೂಡಿರುತ್ತವೆ. ಅದೂ ಅಲ್ಲದೆ, ದೊಡ್ಡ ಆಸ್ಪತ್ರೆಗೆ ಇರುವ ದೂರವನ್ನು ಲೆಕ್ಕ ಹಾಕಿದರೆ ಭೀಮಾ ದಂಡೆಯ ಹಳ್ಳಿಗೂ ಮಲೆನಾಡಿನ ಒಂಟಿ ಮನೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಅಲ್ಲಿನ ತಾಯಿಗೆ ಉಪಯೋಗಕ್ಕೆ ಬರುವ ತಿಳಿವಳಿಕೆ ಇಲ್ಲಿನ ಬೆಳೆಗಾರನ ಮನೆಗೂ ಬೇಕಾದದ್ದೇ.

ವಿಷಯ ಇದು: ಮೈಗೆ ನಂಜೇರಿ ಆಸ್ಪತ್ರೆ ಸೇರುವ ಮಕ್ಕಳಲ್ಲಿ ಮೂತ್ರಪಿಂಡಗಳು ಪೆಟ್ಟು ತಿನ್ನುವುದು.

ನಂಜು ಎಂದರೇನು

ಸೋಂಕು ಎಲ್ಲರಿಗೂ ಆಗುತ್ತದೆ. ನ್ಯುಮೋನಿಯಾ, ಭೇದಿ, ಕಿವಿ ಸೋರುವುದು, ಕಾಲಿನ ಹುಣ್ಣು, ಹಸುಗೂಸಿನ ಹೊಕ್ಕುಳು ಕೀವಾಗುವುದು, ಇವೆಲ್ಲ ಸೋಂಕುಗಳೇ. ಬಹುಪಾಲು ಮೈಯೇ ಗೆದ್ದುಕೊಳ್ಳುತ್ತದೆ. ಆದರೆ ಕೆಲವೊಮ್ಮೆ ಸೋಂಕಿನ ವಿರುದ್ಧ ಮೈ ಹೂಡುವ ಹೋರಾಟವೇ ಹದ ತಪ್ಪಿ, ರೋಗಾಣುವಿನ ಜೊತೆಗೆ ತನ್ನ ಅಂಗಗಳನ್ನೂ ಸುಡತೊಡಗುತ್ತದೆ. ರಕ್ತನಾಳಗಳು ಸಡಿಲವಾಗಿ ಸೋರುತ್ತವೆ, ರಕ್ತದ ಒತ್ತಡ ಇಳಿಯುತ್ತದೆ, ಉಸಿರು ಏರುತ್ತದೆ. ಇದಕ್ಕೆ ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ನಮ್ಮ ಹಿರಿಯರು ನಂಜೇರಿತು ಎಂದದ್ದು ಇದನ್ನೇ ಎನ್ನಬಹುದು. ಬಹುಕಾಲ ಇದರ ಕೆಟ್ಟ ಹಂತವನ್ನು ತೀವ್ರ ಸೆಪ್ಸಿಸ್ ಎಂದು ಬೇರೆಯಾಗಿ ಕರೆಯುತ್ತಿದ್ದರು. 2024ರಲ್ಲಿ ಮಕ್ಕಳಿಗಾಗಿ ಹೊಸ ವ್ಯಾಖ್ಯೆ ಬಂದ ಮೇಲೆ ಆ ಹೆಸರನ್ನು ಕೈಬಿಟ್ಟಿದ್ದಾರೆ. ಅಂಗಗಳಿಗೆ ಅಪಾಯ ಬಂದಿದ್ದರೆ ಮಾತ್ರ ಅದು ಸೆಪ್ಸಿಸ್ ಎಂಬುದು ಈಗಿನ ಮಾತು. ಹೆಸರು ಬದಲಾದ ಮಾತ್ರಕ್ಕೆ ರೋಗ ಬದಲಾಗಲಿಲ್ಲ.

ಇದರ ಹಾವಳಿ ಎಷ್ಟೆಂದರೆ, 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ 1.1 ಕೋಟಿ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳಿತು. ಅವರಲ್ಲಿ 5 ವರ್ಷದೊಳಗಿನ ಮಕ್ಕಳೇ 29 ಲಕ್ಷ.

ಮೊದಲು ಸೊರಗುವ ಅಂಗ

ಮೂತ್ರಪಿಂಡಗಳು ಹಿಡಿಗಾತ್ರದವು. ಆದರೆ ಹೃದಯ ತಳ್ಳುವ ರಕ್ತದಲ್ಲಿ ಐದನೆಯ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟನ್ನು ಇವೆರಡೇ ತೆಗೆದುಕೊಳ್ಳುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಸೂಕ್ಷ್ಮ ಘಟಕಗಳಿವೆ. ಅಡಿಕೆ ತೋಟದ ಬಸಿಗಾಲುವೆ ಇದ್ದಂತೆ: ಹೆಚ್ಚಿನ ನೀರು, ಕಸ, ಉಪ್ಪು ಎಲ್ಲ ಹೊರಗೆ ಹೋಗುವ ದಾರಿ ಅದೇ. ಬಸಿಗಾಲುವೆ ಮುಚ್ಚಿದ ತೋಟದಲ್ಲಿ ಮರ ತಕ್ಷಣ ಬೀಳುವುದಿಲ್ಲ. ಬೇರು ಕೊಳೆತದ್ದು ಗೊತ್ತಾಗುವಾಗ ತಡವಾಗಿರುತ್ತದೆ.

ನಂಜೇರಿದ ಮಗುವಿನಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಒಂದೇ ದಾರಿಯಿಂದಲ್ಲ. ರಕ್ತದ ಒತ್ತಡ ಇಳಿದು ಅಲ್ಲಿಗೆ ಹೋಗಬೇಕಾದ ರಕ್ತ ಕಡಿಮೆಯಾಗುತ್ತದೆ. ಒತ್ತಡ ಸರಿಯಿದ್ದಾಗಲೂ ಒಳಗಿನ ಕೂದಲೆಳೆಯಂಥ ನಾಳಗಳಲ್ಲಿ ರಕ್ತ ಸರಿಯಾಗಿ ಓಡದಿರಬಹುದು. ನಂಜಿನ ಉರಿಯೂತ ಸೋಸುವ ಕೊಳವೆಗಳ ಜೀವಕೋಶಗಳನ್ನೇ ಮಂಕುಗೊಳಿಸುತ್ತದೆ. ಇಷ್ಟು ಸಾಲದೆಂಬಂತೆ ನಾವು ಕೊಡುವ ಕೆಲವು ಔಷಧಿಗಳೂ ಸೇರಿಕೊಳ್ಳುತ್ತವೆ. ಆ ಮಾತು ಮುಂದೆ ಬರುತ್ತದೆ.

ಪೆಟ್ಟು ಬಿದ್ದರೆ ಪರಿಣಾಮವೇನು? 26 ದೇಶಗಳ ಮಕ್ಕಳ ತೀವ್ರ ನಿಗಾ ಘಟಕಗಳು ಸೇರಿ ನಡೆಸಿದ ಅಧ್ಯಯನವೊಂದುಂಟು. ಅದರಿಂದ ತೆಗೆದು 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತೀವ್ರ ಸೆಪ್ಸಿಸ್ ಆದ 493 ಮಕ್ಕಳ ಪೈಕಿ 102 ಮಕ್ಕಳ ಮೂತ್ರಪಿಂಡಗಳಿಗೆ ಗಂಭೀರ ಹಾನಿಯಾಗಿತ್ತು, ಅಂದರೆ ಐವರಲ್ಲಿ ಒಬ್ಬರಿಗೆ. ಅಂಥ ಮಕ್ಕಳಲ್ಲಿ 100ಕ್ಕೆ 64 ಮಂದಿ ಒಂದೋ ತೀರಿಕೊಂಡರು, ಇಲ್ಲವೇ ಹೊಸದಾಗಿ ಅಂಗವೈಕಲ್ಯ ಹೊತ್ತು ಮನೆಗೆ ಹೋದರು. ಗಂಭೀರ ಹಾನಿಯಾಗದವರಲ್ಲಿ ಆ ಸಂಖ್ಯೆ 100ಕ್ಕೆ 30. ಇವು ಎಲ್ಲ ಸೌಕರ್ಯವಿದ್ದ ಆಸ್ಪತ್ರೆಗಳ ಲೆಕ್ಕ ಎಂಬುದನ್ನು ಓದುಗರು ಮರೆಯಬಾರದು.

ರಕ್ತಪರೀಕ್ಷೆಗಿಂತ ಮೊದಲೇ ತಾಯಿಗೆ ಗೊತ್ತು

ಮೂತ್ರಪಿಂಡ ಸರಿಯಿದೆಯೇ ಎಂದು ನೋಡಲು ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಅಂಶವನ್ನು ಅಳೆಯುತ್ತಾರೆ. ಅದು ಏರಿದ್ದರೆ ತೊಂದರೆ ಎಂದರ್ಥ. ಆದರೆ ಅದು ನಿಧಾನಿ. ಪೆಟ್ಟು ಬಿದ್ದ ಒಂದೆರಡು ದಿನಗಳ ತನಕ ಏರದೆ ಇರಬಹುದು. ಬಡಕಲು ಮಕ್ಕಳಲ್ಲಿ ಇನ್ನೂ ಮೋಸ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ, ಸ್ನಾಯುವೇ ಇಲ್ಲದ ಮಗುವಿನಲ್ಲಿ ಏರುವುದಾದರೂ ಎಲ್ಲಿಂದ?

ಮೂತ್ರ ಹಾಗಲ್ಲ. ಅದು ಗಂಟೆಗಂಟೆಗೆ ಸುದ್ದಿ ಹೇಳುತ್ತದೆ. 2017ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಏಷ್ಯಾ, ಆಸ್ಟ್ರೇಲಿಯಾ, ಯೂರೋಪ್, ಉತ್ತರ ಅಮೆರಿಕಗಳ 32 ನಿಗಾ ಘಟಕಗಳ 4,683 ಎಳೆಯ ರೋಗಿಗಳನ್ನು ನೋಡಿತು. ಸೆಪ್ಸಿಸ್ ಒಂದೇ ಅಲ್ಲ, ಎಲ್ಲ ಬಗೆಯ ಗಂಭೀರ ಕಾಯಿಲೆಯವರು ಅದರಲ್ಲಿದ್ದರು. ನಾಲ್ವರಲ್ಲಿ ಒಬ್ಬರಿಗೂ ಮಿಕ್ಕಿ ಮೂತ್ರಪಿಂಡದ ಹಾನಿ ಕಂಡಿತು. ನನಗೆ ಅದರಲ್ಲಿ ಬಹಳ ಮುಖ್ಯವೆನಿಸಿದ ಮಾತು ಬೇರೆ. ಮೂತ್ರ ಕಡಿಮೆಯಾಗಿದ್ದ ರೋಗಿಗಳಲ್ಲಿ 100ಕ್ಕೆ 67 ಮಂದಿಯ ಹಾನಿಯನ್ನು, ಕ್ರಿಯಾಟಿನಿನ್ ಒಂದನ್ನೇ ನಂಬಿಕೊಂಡಿದ್ದರೆ, ಗುರುತಿಸಲಾಗುತ್ತಲೇ ಇರಲಿಲ್ಲ.

ಅಂದರೆ ಯಂತ್ರ, ಪ್ರಯೋಗಾಲಯ ಇಲ್ಲದ ಊರಿನಲ್ಲೂ ಮೊದಲ ಸುಳಿವು ಸಿಗುತ್ತದೆ, ಅದೂ ಪುಕ್ಕಟೆಯಾಗಿ. "ಕೂಸು ಮುಂಜಾನಿಂದ ಉಚ್ಚಿ ಹೊಯ್ದಿಲ್ರೀ" ಎಂದು ಜೇವರ್ಗಿ ಕಡೆಯ ತಾಯಿ ಹೇಳಿದರೆ ಅದು ಗೊಣಗಾಟವಲ್ಲ, ರೋಗನಿದಾನದ ಅರ್ಧ ಭಾಗ. ಅದನ್ನು ಕೇಳಿಸಿಕೊಂಡ ಮೇಸ್ತ್ರಿಯೋ ರೈಟರೋ ಧಣಿಯೋ "ಸಂಜೆ ನೋಡೋಣ" ಎನ್ನಬಾರದು.

ಅಳತೆ ಬೇಕೆನ್ನುವವರಿಗೆ: ಆರೋಗ್ಯವಂತ ಎಳೆ ಮಗು ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 1ರಿಂದ 2 ಮಿ.ಲೀ. ಮೂತ್ರ ಮಾಡುತ್ತದೆ. 10 ಕಿಲೋ ತೂಕದ ಮಗುವಾದರೆ ದಿನಕ್ಕೆ ಕಾಲು ಲೀಟರಿನಿಂದ ಅರ್ಧ ಲೀಟರಿನಷ್ಟು. ಕಿಲೋಗೆ ಗಂಟೆಗೆ ಅರ್ಧ ಮಿ.ಲೀ.ಗಿಂತ ಕಡಿಮೆಯಾಗಿ ಆರು ಗಂಟೆ ಕಳೆದರೆ ಹಾನಿಯ ಮೊದಲ ಹಂತ ಎಂದು 2012ರಿಂದ ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅದೇ 10 ಕಿಲೋ ಮಗುವಿಗೆ ಆರು ಗಂಟೆಯಲ್ಲಿ 30 ಮಿ.ಲೀ., ಅಂದರೆ ಊಟದ ಚಮಚದಲ್ಲಿ ಎರಡು ಚಮಚ! ಆಸ್ಪತ್ರೆಯಲ್ಲಿ ಒದ್ದೆ ಬಟ್ಟೆಯನ್ನು ತೂಗಿ ಒಣ ಬಟ್ಟೆಯ ತೂಕ ಕಳೆಯುತ್ತಾರೆ. ಒಂದು ಗ್ರಾಮಿಗೆ ಒಂದು ಮಿ.ಲೀ. ಎಂದು ಲೆಕ್ಕ. ಮನೆಯಲ್ಲಿ ಅಷ್ಟೆಲ್ಲ ಬೇಡ. ಜ್ವರ, ವಾಂತಿ, ಭೇದಿ ಇರುವ ಮಗು ಕೊನೆಯ ಸಲ ಎಷ್ಟು ಹೊತ್ತಿಗೆ ಒಂದಕ್ಕೆ ಹೋಯಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಚಿಟ್ಟರೆ ಸಾಕು.

ಕಾಯಿಲೆ ಬಿದ್ದ ಹಸುಗೂಸಿನ ಬಟ್ಟೆ ಆರು ಗಂಟೆಯಿಂದ ಒಣಗಿಯೇ ಇದ್ದರೆ ಕಾಯಬೇಡಿ. ಸ್ವಲ್ಪ ದೊಡ್ಡ ಮಗು ಎಂಟು ಗಂಟೆ ಕಳೆದರೂ ಹೋಗದಿದ್ದರೆ ಹೊರಡಿ. ಮೂತ್ರ ಹಾಲು ಹಾಕದ ಕರಿ ಕಾಫಿಯ ಬಣ್ಣಕ್ಕೆ ತಿರುಗಿದ್ದರೂ ಅಷ್ಟೇ; ಅದು ಬೇರೆ ಕಾಯಿಲೆಯೂ ಇರಬಹುದು, ಆದರೆ ಮನೆಮದ್ದಿನ ಕಾಯಿಲೆಯಂತೂ ಅಲ್ಲ. ಎದೆಹಾಲು ಬಿಟ್ಟ ಮಗು, ಕರೆದರೂ ಕಣ್ಣು ಬಿಡದ ಮಗು, ಫಿಟ್ಸ್ ಬಂದ ಮಗು, ಮೈ ಸುಡುತ್ತಿದ್ದರೂ ಕೈಕಾಲು ತಣ್ಣಗಾದ ಮಗು, ಇವರ ವಿಷಯದಲ್ಲಿ ಮೂತ್ರದ ಲೆಕ್ಕಕ್ಕೂ ಕಾಯುವ ಹಾಗಿಲ್ಲ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ: ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಅದು ವೇಗದ ಉಸಿರು.

ನಲವತ್ತು ಕಿಲೋಮೀಟರು ಎಂದರೆ ಎಷ್ಟು ದೂರ

ಭೂಪಟದಲ್ಲಿ ಆಳಂದದಿಂದ, ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಅಫಜಲಪುರದಿಂದ ಇನ್ನೂ ಹೆಚ್ಚು. ನಗರದಲ್ಲಿ ಜಿಲ್ಲಾ ಆಸ್ಪತ್ರೆಯನ್ನು ಹೊಂದಿಕೊಂಡ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜೂ ಅದರ ಬಸವೇಶ್ವರ ಆಸ್ಪತ್ರೆಯೂ ಇವೆ. ಆದರೆ ತಾಲೂಕು ಕೇಂದ್ರಕ್ಕೆ ಬರುವ ಮೊದಲು ಹಳ್ಳಿಯಿಂದ, ತಾಂಡಾದಿಂದ ರಸ್ತೆಗೆ ಬರಬೇಕಲ್ಲ? ಭೀಮೆ ತುಂಬಿದಾಗ ಆ ಲೆಕ್ಕವೂ ತಪ್ಪುತ್ತದೆ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ನೆರೆ ಬಂದು ನದಿ ದಂಡೆಯ ಊರುಗಳು ನೀರಿನಲ್ಲಿ ನಿಂತವು. ನೆರೆ ಇಳಿದ ಮೇಲೆ ಕುಡಿಯುವ ನೀರು ಕೆಟ್ಟು ಭೇದಿ ಕಾಣಿಸಿಕೊಳ್ಳುವ ಅಪಾಯ ಬೇರೆ.

ಈ ದೂರದ ಮಾತು ಏಕೆಂದರೆ, 2020ರಲ್ಲಿ ಬಂದ ಅಂತಾರಾಷ್ಟ್ರೀಯ ಸಲಹೆಯಂತೆ ರಕ್ತದೊತ್ತಡ ಕುಸಿದು ಆಘಾತಕ್ಕೊಳಗಾದ ಮಗುವಿಗೆ ಗುರುತಿಸಿದ ಒಂದು ಗಂಟೆಯೊಳಗೆ, ಆಘಾತವಿಲ್ಲದ ಸೆಪ್ಸಿಸ್ ಆದರೆ ಮೂರು ಗಂಟೆಯೊಳಗೆ ಆಂಟಿಬಯೋಟಿಕ್ ಒಳಗೆ ಹೋಗಬೇಕು. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಕಳೆದ ಹೊತ್ತನ್ನು ಯಾವ ನಿಗಾ ಘಟಕವೂ ಹಿಂದಿರುಗಿಸಲಾರದು. ಆದುದರಿಂದ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲೂಕು ಆಸ್ಪತ್ರೆಯಲ್ಲೋ ಮೊದಲ ಸೂಜಿಮದ್ದು ಕೊಡಿಸಿಕೊಂಡು ಮುಂದಕ್ಕೆ ಹೋಗುವುದು ಲೇಸು. 2008ರಿಂದ ಓಡುತ್ತಿರುವ 108 ವಾಹನಕ್ಕೆ ದುಡ್ಡಿಲ್ಲ. ನಮ್ಮ ಕಡೆ ಕಷ್ಟವೆಂದರೆ ಅದಕ್ಕೆ ಕರೆ ಮಾಡಲು ಸಿಗ್ನಲ್ ಸಿಗುವ ಗುಡ್ಡ ಹತ್ತಬೇಕು! ತೋಟದಲ್ಲಿ ಜೀಪು ಇದ್ದರೆ ಜೀಪೇ 108. ಗೊಬ್ಬರ ತರಲು ಹೋಗುವ ಪಿಕಪ್ ಆದರೂ ಸರಿ.

ಗ್ಲೂಕೋಸ್ ಬಾಟ್ಲಿ, ಜ್ವರದ ಮಾತ್ರೆ

ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಸೊರಗಿದವನಿಗೆ ಒಂದು ಬಾಟ್ಲಿ ಹಾಕಿಸಿದರೆ ಎದ್ದು ಕೂರುತ್ತಾನೆ. ಹಾಕದ ವೈದ್ಯರು ವೈದ್ಯರೇ ಅಲ್ಲ! ಭೇದಿಯಿಂದ ನೀರು ಸೋರಿಹೋದ ಮಗುವಿಗೆ ನೀರು ತುಂಬಬೇಕು, ಅದರಲ್ಲಿ ಎರಡು ಮಾತಿಲ್ಲ; ಬಾಯಿಂದ ಕುಡಿಯುವಂತಿದ್ದರೆ ಓಆರ್‌ಎಸ್ ಸಾಕು. "ನೀರು ಕೊಟ್ಟರೆ ಭೇದಿ ಹೆಚ್ಚುತ್ತೆ" ಎಂದು ಬಾಯಿ ಕಟ್ಟುವುದು ಮೂತ್ರಪಿಂಡಕ್ಕೆ ಮಾಡುವ ದ್ರೋಹ. ಆದರೆ ಭೇದಿಯಿಲ್ಲದೆ ಜ್ವರದಿಂದ ನಂಜೇರಿದ ಮಗುವಿಗೆ ಅವಸರದಲ್ಲಿ ಬಾಟ್ಲಿ ಸುರಿಯುವುದು ಬೇರೆ ಸಂಗತಿ. ಕೀನ್ಯಾ, ಉಗಾಂಡಾ, ತಾಂಜಾನಿಯಾಗಳಲ್ಲಿ 3,141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ವೈದ್ಯಲೋಕವನ್ನೇ ಬೆಚ್ಚಿಬೀಳಿಸಿತು. ರಭಸದಿಂದ ದ್ರವ ಕೊಟ್ಟ ಮಕ್ಕಳಲ್ಲಿ 48 ಗಂಟೆಯೊಳಗೆ 100ಕ್ಕೆ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರೆ, ಹಾಗೆ ಕೊಡದವರಲ್ಲಿ ಏಳು ಚಿಲ್ಲರೆ. ಮೂತ್ರ ನಿಂತಿರುವಾಗ ಸುರಿದ ನೀರು ಹೋಗುವುದೆಲ್ಲಿಗೆ? ಶ್ವಾಸಕೋಶಕ್ಕೆ, ಮುಖದ ಊತಕ್ಕೆ. ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರು ಮೂತ್ರ ನೋಡಿಕೊಂಡೇ ತೀರ್ಮಾನಿಸುತ್ತಾರೆ. ನಾವು ಬಾಟ್ಲಿಗಾಗಿ ಜಗಳ ತೆಗೆಯಬಾರದು.

ಔಷಧಿಗಳ ವಿಷಯ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮದ್ದುಗಳು ಮೂತ್ರಪಿಂಡಕ್ಕೆ ರಕ್ತ ಹೋಗುವ ನಾಳವನ್ನು ಬಿಗಿಮಾಡುತ್ತವೆ. ನೀರಾರಿದ, ನಂಜೇರಿದ ಮಗುವಿಗೆ ಇದು ಗಾಯದ ಮೇಲೆ ಬರೆ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿತು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಜೆಂಟಾಮೈಸಿನ್, ಅಮಿಕಾಸಿನ್ ಸೂಜಿಮದ್ದುಗಳು ಜೀವ ಉಳಿಸುವಂಥವೇ. ಆದರೆ ಅವು ಮೂತ್ರಪಿಂಡಕ್ಕೆ ಭಾರ, ಆದ್ದರಿಂದ ಲೆಕ್ಕವಿಟ್ಟು ಕೊಡಬೇಕಾದವು. ಮುಂದಿನ ಆಸ್ಪತ್ರೆಗೆ ಹೋಗುವಾಗ ಹಿಂದೆ ಕೊಟ್ಟ ಮದ್ದಿನ ಚೀಟಿ, ಖಾಲಿ ಶೀಷೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಕೆಮ್ಮಿನ ಸಿರಪ್ಪಿನ ಮಾತನ್ನೂ ಇಲ್ಲೇ ಹೇಳಬೇಕು, ಅದು ನಂಜಿಗೆ ಸೇರಿದ್ದಲ್ಲವಾದರೂ. 2025ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ ಕುಡಿದು ಇಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಸಾಮಾನ್ಯ ಶೀತ ಜ್ವರದ ಮಕ್ಕಳು. ಅಲ್ಲಿಯೂ ಅಪಾಯವನ್ನು ತೋರಿಸಿಕೊಟ್ಟದ್ದು ಮೂತ್ರ ನಿಂತದ್ದೇ.

ನಮ್ಮ ಮಲೆನಾಡು, ಕರಾವಳಿಯ ಓದುಗರು ಇಲಿಜ್ವರವನ್ನು ನೆನಪಿಡಬೇಕು. ಮಳೆಗಾಲದಲ್ಲಿ ಕೆಸರು, ತೋಡಿನ ನೀರಿನಲ್ಲಿ ಬರಿಗಾಲಲ್ಲಿ ಆಡುವ ಮಗುವಿಗೆ ಜ್ವರ, ಕಣ್ಣು ಕೆಂಪು, ಮೂತ್ರ ಕಡಿಮೆ ಎಂದಾದರೆ ವೈದ್ಯರಿಗೆ ಆ ನೀರಿನ ವಿಷಯ ತಿಳಿಸಿ. ಡೆಂಗೆ, ಪೊದೆಯ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್, ಇವೂ ಮೂತ್ರಪಿಂಡವನ್ನು ಬಿಡುವುದಿಲ್ಲ.

ಡಯಾಲಿಸಿಸ್ ಎಂದೊಡನೆ ಮಗುವನ್ನು ಎತ್ತಿಕೊಂಡು ಬರಬೇಡಿ

ಇದು ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಎಂಬ ಶಬ್ದ ಕಿವಿಗೆ ಬಿದ್ದರೆ ಮನೆಯವರ ಕೈಕಾಲು ಬಿದ್ದುಹೋಗುತ್ತದೆ. ಊರಿನಲ್ಲಿ ಯಾರೋ ಸಕ್ಕರೆ ಕಾಯಿಲೆಯವರು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು ಹೊಲ ಮಾರಿದ್ದು ಕಣ್ಣೆದುರಿಗೆ ಇರುತ್ತದೆ. "ಜನ್ಮಪೂರ್ತಿ ಹೀಗೇ ಆದರೆ ಏನು ಗತಿ" ಎಂದು ಮಗುವನ್ನು ಬಿಡಿಸಿಕೊಂಡು ಬಂದುಬಿಡುತ್ತಾರೆ.

ನಂಜಿನಿಂದ ಹಠಾತ್ತನೆ ನಿಂತ ಮೂತ್ರಪಿಂಡ ಬೇರೆ, ವರ್ಷಗಟ್ಟಲೆ ಸವೆದು ಹೋದ ಮೂತ್ರಪಿಂಡ ಬೇರೆ. ಮೊದಲನೆಯದು ಮಂಕಾಗಿದೆ, ಸತ್ತಿಲ್ಲ. ನಂಜು ಇಳಿದರೆ ಹೆಚ್ಚಿನ ಮಕ್ಕಳಲ್ಲಿ ಅದು ದಿನಗಳಲ್ಲಿ ಇಲ್ಲವೇ ವಾರಗಳಲ್ಲಿ ಮತ್ತೆ ಕೆಲಸ ಹಿಡಿಯುತ್ತದೆ. ಅಲ್ಲಿಯ ತನಕ ಮೈಯಲ್ಲಿ ಏರುವ ಪೊಟ್ಯಾಸಿಯಂ, ಆಮ್ಲ, ನೀರು ಹೃದಯವನ್ನು ನಿಲ್ಲಿಸದಂತೆ ನೋಡಿಕೊಳ್ಳುವ ಊರುಗೋಲು ಡಯಾಲಿಸಿಸ್. ಪುಟ್ಟ ಮಕ್ಕಳಿಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಹೊಟ್ಟೆಯೊಳಗೆ ಸಣ್ಣ ನಳಿಕೆ ಇಟ್ಟು, ಶುದ್ಧ ದ್ರವ ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಬಸಿದು ತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್ ವಿಧಾನವಿದೆ. ಅದಕ್ಕೆ ಬೇಕಾದದ್ದು ನುರಿತ ಕೈ ಮತ್ತು ಶುಚಿತ್ವ. ಮಕ್ಕಳ ಮೂತ್ರಪಿಂಡ ತಜ್ಞರು ನಗರಗಳಲ್ಲೇ ಸೇರಿಕೊಂಡಿದ್ದಾರೆ ಎಂಬುದು ಸತ್ಯ. ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕಡೆ ಇದಕ್ಕೇ ಮೀಸಲಾದ ವಿಭಾಗವಿದೆ. ಆಳಂದದ ಮಗುವಿಗೆ ಬೆಂಗಳೂರು ಎಲ್ಲಿಯ ಮಾತು? ಹೊಟ್ಟೆಯ ಡಯಾಲಿಸಿಸನ್ನು ಜಿಲ್ಲಾ ಮಟ್ಟದಲ್ಲೇ ಹಗಲಿರುಳು ಮಾಡುವಂತಾಗಬೇಕೆಂದು ಜನಪ್ರತಿನಿಧಿಗಳನ್ನು ಕೇಳುವುದು ನ್ಯಾಯ. ಕೇಳಬೇಕಾದವರು ಕಲಬುರಗಿಯವರು ಮಾತ್ರವಲ್ಲ. ಮಲೆನಾಡಿನ ಜಿಲ್ಲೆಗಳೂ ಕೇಳಲಿ.

ವೆಚ್ಚದ ವಿಷಯಕ್ಕೆ ಬಂದರೆ, 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ರಕ್ಷೆ ಕೊಡುತ್ತದೆ. ಕೆಲಸಕ್ಕೆ ಬಂದ ಕುಟುಂಬಗಳ ಪಡಿತರ ಚೀಟಿ, ಆಧಾರ್ ಊರಿನ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ ಅದು ನೆನಪಾಗುತ್ತದೆ. ಲೈನಿಗೆ ಬಂದ ದಿನವೇ ರೈಟರು ಹಾಜರಿ ಪುಸ್ತಕಕ್ಕೆ ಹೆಸರು ಬರೆದುಕೊಳ್ಳುವಾಗ ಆ ಚೀಟಿಗಳ ಫೋಟೋವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಐದು ನಿಮಿಷದ ಕೆಲಸ.

ಮನೆಗೆ ಬಂದ ಮೇಲೆ

ಮಗು ಬದುಕಿ ಮನೆಗೆ ಬಂದಿತೆಂದರೆ ಕತೆ ಮುಗಿಯಿತೆಂದು ಎಲ್ಲರೂ ಮರೆಯುತ್ತಾರೆ. ಪೆಟ್ಟು ತಿಂದ ಮೂತ್ರಪಿಂಡದಲ್ಲಿ ಕಲೆ ಉಳಿದಿರಬಹುದು. ಅದು ವರ್ಷಗಳ ನಂತರ ರಕ್ತದೊತ್ತಡವಾಗಿ, ಮೂತ್ರದಲ್ಲಿ ಸೋರುವ ಪ್ರೋಟೀನಾಗಿ ಹೊರಬೀಳುತ್ತದೆ. ಆದ್ದರಿಂದ ಬಿಡುಗಡೆಯಾಗಿ ಮೂರು ತಿಂಗಳ ಸುಮಾರಿಗೆ ಒಮ್ಮೆ ಕ್ರಿಯಾಟಿನಿನ್, ಮೂತ್ರ ಮತ್ತು ರಕ್ತದೊತ್ತಡವನ್ನು ನೋಡಿಸಬೇಕು, ಆಮೇಲೂ ವರ್ಷಕ್ಕೊಮ್ಮೆ. ರಕ್ತದೊತ್ತಡ ನೋಡುವ ಪಟ್ಟಿ ಮಗುವಿನ ತೋಳಿನ ಅಳತೆಯದೇ ಆಗಿರಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಬಿಡುಗಡೆಯ ಚೀಟಿಯಲ್ಲಿ ಮೂತ್ರಪಿಂಡಕ್ಕೆ ಹಾನಿಯಾಗಿತ್ತೇ ಎಂಬ ಸಾಲು ಇದೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಕುಯ್ಲು ಮುಗಿದು ಆ ಕುಟುಂಬ ಊರಿಗೆ ಮರಳುವ ಹೊತ್ತಿಗೆ ಆ ಚೀಟಿ ಅವರ ಕೈಯಲ್ಲಿರಲಿ. ಜೇವರ್ಗಿಯಲ್ಲಿ ಅದನ್ನು ಓದುವ ವೈದ್ಯರಿಗೆ ಮಗುವಿನ ಹಿಂದಿನ ಕತೆ ತಿಳಿಯಲು ಬೇರೆ ದಾರಿಯಿಲ್ಲ.